ಹೊಸಹಳ್ಳಿಯ ಸೋಮವಾರಗಳು

ಏನೂಂದ್ರೆ,

ಇನ್ನು ಹೇಗೆ ಶುರು ಮಾಡಲಿ ಹೇಳಿ? ಮದುವೆಯಾದ ಹೊಸದರಲ್ಲಿ ತವರಿನಿಂದ ಬರೆದ ಕಾಗದದಲ್ಲಿ ‘ಪತಿದೇವರ ಪಾದಾರವಿಂದಗಳಿಗೆ’ ಎಂದು ಬರೆದಿದ್ದೆ. ನಾನು ವಾಪಸು ಬಂದ ದಿನವೇ ನೀವು ಪಂಚೆ ಮೇಲೆತ್ತಿ, ಕಾಲು ಮುಂದೆ ಚಾಚಿ, ‘ನೋಡೇ, ಬಿರುಕು ಬಿಟ್ಟು ಬೇಸಿಗೆ ಕೆರೆ ಥರ ಆಗಿದೆ. ಇದನ್ನ ಅರವಿಂದ ಅಂತ ಬರೀತೀಯಲ್ಲ, ಕಣ್ಣಿಗೇನಾಗಿದೆ ನಿಂಗೆ?’ ಅಂದಿರಿ. ಅವತ್ತಿನಿಂದ ಆ ಒಕ್ಕಣೆ ಬಿಟ್ಟೆ. ಅಡುಗೆಮನೆಯಿಂದ ಹೇಗೆ ಕೂಗುತ್ತಿದ್ದೆನೋ ಹಾಗೇ ಈಗಲೂ ಕೂಗಿದ್ದೇನೆ. ಕೇಳಿಸಿತೋ ಇಲ್ಲವೋ...

ನಿನ್ನೆ ಕಮಿಟಿಯವರು ನನ್ನನ್ನು ಕರೆಸಿದ್ದರು. ಹೌದು, ಅದೇ ಕಮಿಟಿ. ರಾಜಾಜಿನಗರದಿಂದ ಈಚೆಗೆ ಯಾವ ಯಾವ ಹಳ್ಳಿಯ ಜಮೀನನ್ನು ಹೊಸ ಬಡಾವಣೆಗೆ ತೆಗೆದುಕೊಳ್ಳಬೇಕು ಎಂದು ಗೊತ್ತು ಮಾಡುವವರು. ಲೋಯರ್ ಸೆಕೆಂಡರಿ ಪಾಸು ಮಾಡಿದ ನಿಮ್ಮ ಹೆಂಡತಿ ಕೋಟು ಪೇಟದವರ ಎದುರು ನಿಂತು ಮಾತಾಡಿ ಬಂದಳು, ನಂಬುತ್ತೀರಾ? ಮನೆಗೆ ಬಂದು ಬೀಗ ತೆಗೆಯುವಾಗಲೇ ನಾಲಿಗೆಯ ತುದಿಗೆ ಬಂದಿತ್ತು, ‘ಏನೂಂದ್ರೆ, ಏನಾಯ್ತು ಗೊತ್ತಾ?’ ಅಂತ. ಬಾಗಿಲು ತೆರೆದರೆ ನಿಮ್ಮ ಸೈಕಲ್ಲು ಗೋಡೆಗೆ ಒರಗಿಕೊಂಡು ನಿಂತಿತ್ತು. ಅದಕ್ಕೆ ಹೇಳಲೇ? ಬೆಳಗ್ಗೆ ಎದ್ದು, ಸ್ನಾನ ಮಾಡಿ, ಕಾಫಿ ಕುಡಿದು ಬರೆಯಲು ಕೂತಿದ್ದೇನೆ. ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಗೊತ್ತಿರುವುದನ್ನೇ ನಿಮ್ಮ ಹತ್ತಿರ ಮತ್ತೆ ಮತ್ತೆ ಹೇಳುವುದರಲ್ಲಿ ನನಗೊಂದು ಸುಖವಿತ್ತು, ನೀವು ‘ಹೂಂ, ಹೂಂ’ ಅನ್ನುತ್ತ ಪೇಪರು ಓದುತ್ತಿದ್ದರೂ.

ಕೆಂಗೇರಿಯಲ್ಲಿ ಒಬ್ಬ ಹೆಂಗಸು ನಿಮ್ಮ ಮುಖದ ಮೇಲೆ ಬಾಗಿಲು ಹಾಕಿದ ದಿನ ನೆನಪಿದೆಯಾ? ಆಗ ತಾನೆ ಸರ್ಕಾರದವರು ನಿಮ್ಮ ಆಫೀಸಿಗೆ ಬೆಂಗಳೂರಿನ ಪಡುವಲ ಹಳ್ಳಿಗಳ ಸರ್ವೆ ಕೊಟ್ಟಿದ್ದರು. ಯಾರು ಏನು ಕೆಲಸ ಮಾಡುತ್ತಾರೆ, ಏನು ಉಣ್ಣುತ್ತಾರೆ, ಬೇಸಾಯದಿಂದ ಹೊಟ್ಟೆ ತುಂಬುತ್ತದೆಯೋ ಇಲ್ಲವೋ ಎಂದು ಮನೆ ಮನೆಗೆ ಹೋಗಿ ಕೇಳಬೇಕು. ನೀವು ಕೋಟು ಹಾಕಿಕೊಂಡು, ಫೈಲು ಹಿಡಿದು ಹೋಗಿ, ‘ಮನೆಯಲ್ಲಿ ದಿನಕ್ಕೆ ಎಷ್ಟು ರಾಗಿ ಖರ್ಚಾಗುತ್ತಮ್ಮಾ?’ ಅಂದಿರಂತೆ. ಅವಳು ‘ಮನ್ಯಾಗೆ ಗಂಡಸ್ರಿಲ್ಲ’ ಎಂದು ಅಗುಳಿ ಹಾಕಿಕೊಂಡಳಂತೆ. ಮನೆಗೆ ಬಂದು, ಮುಖ ಸಣ್ಣಗೆ ಮಾಡಿಕೊಂಡು, ‘ನಾಳೆಯಿಂದ ನೀನೂ ಬಾರೇ’ ಅಂದಿರಿ. ‘ನಿಮ್ಮ ಎಕನಾಮಿಕ್ಸು ನಂಗೇನು ಗೊತ್ತು?’ ಅಂದೆ. ‘ಎಕನಾಮಿಕ್ಸು ನನ್ನ ಹತ್ರ ಇರಲಿ. ನೀನು ಒಲೆ ಹತ್ರ ಕೂತ್ಕೊಂಡು ನಾಲ್ಕು ಮಾತಾಡು ಸಾಕು. ಮಾತಾಡೋದನ್ನ ನಿಂಗೆ ಹೇಳಿಕೊಡಬೇಕಾ?’ ಅಂದಿರಿ. ನಾನು ಸಿಟ್ಟು ಮಾಡಿಕೊಂಡ ಹಾಗೆ ಮಾಡಿದೆ. ಒಳಗೆ ಎಷ್ಟು ಖುಷಿಯಾಗಿತ್ತು ಎಂದು ನಿಮಗೆ ಹೇಳಲೇ ಇಲ್ಲ. ಮಕ್ಕಳಿಲ್ಲದ ಮನೆ, ಎರಡು ಕೋಣೆ, ಇಡೀ ದಿನ ನಾನು ಗೋಡೆ ನೋಡಿಕೊಂಡು ಕೂರುತ್ತಿದ್ದೆ. ನೀವು ನನ್ನನ್ನು ಕೆಲಸಕ್ಕೆ ಕರೆದಿರಿ, ನಾನು ಜಾತ್ರೆಗೆ ಹೊರಟವಳ ಹಾಗೆ ಹೊರಟೆ.

ಹೊಸಹಳ್ಳಿಗೆ ಮೊದಲು ಹೋದದ್ದು ಒಂದು ಸೋಮವಾರ. ಅದನ್ನು ಗೊತ್ತು ಮಾಡಿದವರು ನೀವೇ. ಸೋಮವಾರ ಬಸವಣ್ಣನ ದಿನ, ಅವತ್ತು ಯಾವ ರೈತನೂ ಎತ್ತಿಗೆ ನೊಗ ಇಡುವುದಿಲ್ಲ, ಗಂಡಸರು ಮನೆಯಲ್ಲಿ ಸಿಗುತ್ತಾರೆ, ನಮ್ಮಿಂದ ಅವರ ಕೆಲಸವೂ ಕೆಡುವುದಿಲ್ಲ ಎಂದು ನಿಮ್ಮ ಆಫೀಸಿನ ಸಾಹೇಬರಿಗೆ ಹೇಳಿದ್ದಿರಂತೆ. ಸಾಹೇಬರು ‘ಭೇಷ್’ ಅಂದಿದ್ದರಂತೆ. ನನಗೂ ಅದು ಸರಿ ಎಂದೇ ಕಂಡಿತು. ಬಿತ್ತನೆ ಕಾಲದಲ್ಲಿ ಉಳುವವನನ್ನು ನಿಲ್ಲಿಸಿ ‘ನಿನ್ನ ಹೆಸರೇನಪ್ಪಾ?’ ಅನ್ನುವವರು ನೀವಲ್ಲ. ಬೇರೆಯವರ ಬಿಡುವು ನೋಡಿಕೊಂಡು ಮಾತಾಡಿಸುವುದು ನಿಮ್ಮ ಹುಟ್ಟುಗುಣ. ನನ್ನನ್ನು ನೋಡಲು ಬಂದಾಗಲೂ ನಮ್ಮಪ್ಪನಿಗೆ ಯಾವ ದಿನ ಅನುಕೂಲ ಎಂದು ಮುಂಚೆಯೇ ಕಾರ್ಡು ಬರೆದು ಕೇಳಿದವರಲ್ಲವೇ ನೀವು?

ಹಾಗೆ ಹೊಸಹಳ್ಳಿ, ಪಕ್ಕದ ಉಲ್ಲಾಳ ಎಂದು ಸೋಮವಾರ ಸೋಮವಾರ ಒಂದು ವರ್ಷ ನಡೆಯಿತು. ಮುಂಗಾರು, ಸುಗ್ಗಿ, ಬೇಸಿಗೆ, ಯಾವ ಕಾಲವನ್ನೂ ನೀವು ಬಿಡಲಿಲ್ಲ. ಎಲ್ಲ ಕಾಲದ್ದೂ ಬರಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತೆ ಅನ್ನುತ್ತಿದ್ದಿರಿ. ಮುನಿಯಪ್ಪನ ಮನೆಯ ಜಗಲಿಯಲ್ಲಿ ನೀವು ಕೂರುತ್ತಿದ್ದಿರಿ, ಒಳಗೆ ಅವನ ಹೆಂಡತಿ ಚಿಕ್ಕತಾಯಮ್ಮನ ಹತ್ತಿರ ನಾನು. ಜನ ಹಿಂದಿನ ವಾರದ್ದನ್ನು ಸರಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ ಎಂದು ನಿಮ್ಮ ಷೆಡ್ಯೂಲಿನಲ್ಲಿ, ಅದೇ ಪ್ರಶ್ನೆಗಳ ಹಾಳೆಯಲ್ಲಿ, ಕೆಲಸದ ಬಗ್ಗೆ ಒಂದೇ ಪ್ರಶ್ನೆ ಇತ್ತು, ‘ಈ ದಿನ ಮನೆಯಲ್ಲಿ ಯಾರು ಯಾರು ಏನು ಕೆಲಸ ಮಾಡಿದರು?’ ಮುನಿಯಪ್ಪ ಎಲೆಯಡಿಕೆ ಹಾಕಿಕೊಂಡು, ‘ಇವತ್ತಾ? ಇವತ್ತೇನೂ ಇಲ್ಲ ಸಾಮಿ’ ಅನ್ನುತ್ತಿದ್ದ. ನೀವು ಹಾಗೇ ಬರೆದುಕೊಳ್ಳುತ್ತಿದ್ದಿರಿ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ನಾವಿಬ್ಬರೂ ತಾಳೆ ನೋಡುತ್ತಿದ್ದೆವಲ್ಲ, ನೆನಪಿದೆಯಾ? ನೀವು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದುವುದು, ನಾನು ಪ್ರತಿಯಲ್ಲಿ ಕೆಂಪು ಪೆನ್ಸಿಲಿನಿಂದ ಟಿಕ್ ಹಾಕುವುದು. ಒಬ್ಬರೇ ಓದಿ ಒಬ್ಬರೇ ಟಿಕ್ ಹಾಕಬಾರದು, ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂಬುದು ನಿಮ್ಮ ಆಫೀಸಿನ ನಿಯಮ. ನಿಮ್ಮ ದನಿ ಓದುತ್ತ ಓದುತ್ತ ಜೋಗುಳದ ಹಾಗಾಗುತ್ತಿತ್ತು, ನನಗೆ ತೂಕಡಿಕೆ ಬರುತ್ತಿತ್ತು. ನೀವು ಬೇಕೆಂದೇ ನಡುವೆ ‘ಮುನಿಯಪ್ಪನ ಮನೆ, ಆನೆ ಎರಡು’ ಎಂದು ಸೇರಿಸುತ್ತಿದ್ದಿರಿ. ನಾನು ಅದಕ್ಕೂ ಟಿಕ್ ಹಾಕಿಬಿಟ್ಟರೆ ಮುಗಿಯಿತು, ವಾರವಿಡೀ ನನಗೆ ಬಿಡುಗಡೆಯಿಲ್ಲ. ಪಕ್ಕದ ಮನೆಯವರನ್ನೂ ಕರೆದು ಹೇಳಿ ನಗುತ್ತಿದ್ದಿರಿ.

ಆ ಲೆಕ್ಕವೆಲ್ಲ ಸೇರಿ ವರದಿಯಾಯಿತು. ಈ ಹಳ್ಳಿಗಳಲ್ಲಿ ದುಡಿಯುವ ಕೈಗಳಲ್ಲಿ ಹೆಚ್ಚಿನವು ಬಿಡುವಾಗಿವೆ, ಜನ ಬೇಸಾಯವನ್ನೇ ನೆಚ್ಚಿಕೊಂಡಿಲ್ಲ ಎಂದು ಅದರಲ್ಲಿ ಬಂತು. ನಿಮಗೂ ಸ್ವಲ್ಪ ಆಶ್ಚರ್ಯವಾಗಿತ್ತು. ಆದರೆ ಅಂಕಿ ನಾವೇ ತಾಳೆ ನೋಡಿದ್ದು, ಒಂದೂ ತಪ್ಪಿರಲಿಲ್ಲ. ಸಾಹೇಬರು ಸಹಿ ಮಾಡಿ ಕಮಿಟಿಗೆ ಕಳಿಸಿದರು. ಅದನ್ನು ಓದಿದ ಯಾರಿಗೇ ಆಗಲಿ, ಹೊಸಹಳ್ಳಿ ಕೆರೆಯ ಕೆಳಗಿನ ಗದ್ದೆಗಳನ್ನು ತೆಗೆದುಕೊಂಡು ಸೈಟು ಮಾಡಿದರೆ ಯಾರ ಹೊಟ್ಟೆಯೂ ಸುಡುವುದಿಲ್ಲ ಎಂದೇ ಅನ್ನಿಸುತ್ತಿತ್ತು.

ಆಮೇಲೆ ಆ ಕುಕ್ಕೆಯ ದಿನ. ಚಿಕ್ಕತಾಯಮ್ಮ ಒಂದು ಕುಕ್ಕೆ ತುಂಬ ಅವರೆಕಾಯಿ ಕೊಟ್ಟಿದ್ದಳು. ಕುಕ್ಕೆ ವಾಪಸು ಮಾಡಬೇಕು, ಬರಿದಾಗಿ ಕೊಡಬಾರದು ಎಂದು ನಾನು ಕೋಡುಬಳೆ ಕರಿದು ತುಂಬಿಸಿದ್ದೆ. ನಿಮಗೆ ಗುರುವಾರ ರಜೆ ಬಿದ್ದಿತ್ತು, ಸರ್ವೆಯೂ ಮುಗಿದಿತ್ತು, ಸುಮ್ಮನೆ ಹೋಗಿ ಬರೋಣ ಎಂದು ಹೊರಟೆವು. ನೀವು ಸೈಕಲ್ಲು ತಳ್ಳಿಕೊಂಡು, ನಾನು ಪಕ್ಕದಲ್ಲಿ ನಡೆದುಕೊಂಡು. ಊರಿಗೆ ಹೋದರೆ ಒಂದು ನರಪಿಳ್ಳೆಯಿಲ್ಲ. ಜಗಲಿಗಳೆಲ್ಲ ಖಾಲಿ, ಬಾಗಿಲುಗಳಿಗೆಲ್ಲ ಚಿಲಕ. ಯಾರೋ ಸತ್ತಿದ್ದಾರೇನೋ ಎಂದುಕೊಂಡೆ. ಕೋಳಿಗೆ ನುಚ್ಚು ಹಾಕುತ್ತಿದ್ದ ಒಂದು ಮುದುಕಿಯನ್ನು ಕೇಳಿದರೆ, ‘ಎಲ್ರೂ ಗದ್ದೇತಾವ ಹೋಗವ್ರೆ ಕಣವ್ವ’ ಅಂದಳು.

ಕೆರೆ ಏರಿಯ ಮೇಲೆ ಹೋಗಿ ನಿಂತೆವು. ಕೆಳಗೆ ಇಡೀ ಊರು ಬಗ್ಗಿ ನಿಂತಿತ್ತು. ಮುನಿಯಪ್ಪ ಮೊಣಕಾಲವರೆಗೆ ಕೆಸರಿನಲ್ಲಿ ಎತ್ತು ಹೊಡೆಯುತ್ತಿದ್ದ. ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೈರು ನೆಡುತ್ತಿದ್ದಳು. ನಿಮ್ಮ ಷೆಡ್ಯೂಲಿನಲ್ಲಿ ‘ಕೆಲಸವಿಲ್ಲ’ ಎಂದು ಬರೆಸಿಕೊಂಡವರೆಲ್ಲ ಅಲ್ಲಿದ್ದರು. ನೀವು ಮೊದಲು ನಕ್ಕಿರಿ. ಮುನಿಯಪ್ಪ ಮೇಲೆ ನೋಡಿ, ‘ಏನ್ ಸಾಮಿ, ಬೇಸ್ತವಾರ ಬಂದ್‍ಬುಟ್ರಿ? ಕೂರಿಸಿ ಮಾತಾಡ್ಸಕ್ಕೂ ಟೇಮಿಲ್ವಲ್ಲ!’ ಎಂದು ಕೂಗಿದ. ಆಗ ನಿಮ್ಮ ನಗು ನಿಂತುಹೋಯಿತು. ನಾನು ಕೋಡುಬಳೆಯ ಕುಕ್ಕೆ ಕೊಟ್ಟು ಬಂದೆ. ಮಾಗಡಿ ರಸ್ತೆಗೆ ಬಂದ ಮೇಲೆ ಸೈಕಲ್ಲು ನಿಲ್ಲಿಸಿ, ‘ಕಮಲಾ, ನಾನು ಎತ್ತಿನ ರಜಾ ದಿನಾನ ಎಣಿಸಿಬಿಟ್ಟೆ ಕಣೇ’ ಅಂದಿರಿ. ನನಗೆ ತಕ್ಷಣ ಅರ್ಥವಾಗಲಿಲ್ಲ. ನೀವು ಬಿಡಿಸಿ ಹೇಳಿದಿರಿ. ‘ಅವರ ಮನೆ ಮಜ್ಜಿಗೆ ಕುಡಿದು, ಅವರಿಗೆ ಕೆಲಸ ಇಲ್ಲ ಅಂತ ಬರೆದುಕೊಟ್ಟೆ. ಆ ಕಾಗದ ಹಿಡ್ಕೊಂಡು ಅವರ ಗದ್ದೆ ಕಿತ್ಕೋತಾರೆ.’ ನಿಮ್ಮ ಕಣ್ಣು ತುಂಬಿತ್ತು. ಮದುವೆಯಾದ ಮೇಲೆ ಅದನ್ನು ನಾನು ನೋಡಿದ್ದು ಅದೇ ಮೊದಲು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ನಾನು ನಿಮ್ಮ ಕೈ ಕೂಡ ಹಿಡಿಯಲಿಲ್ಲ. ಹಿಡಿದಿದ್ದರೆ ಏನಾಗುತ್ತಿತ್ತು?

ಮಾರನೆಯ ದಿನ ಸಾಹೇಬರ ಹತ್ತಿರ ಹೋದಿರಿ. ಅವರು ಕೆಟ್ಟವರಲ್ಲ, ನಿಮಗೂ ಗೊತ್ತು. ಪೆನ್ಷನ್ನಿಗೆ ಹತ್ತಿರವಿದ್ದರು, ಯಾವ ರಗಳೆಯೂ ಬೇಡವಾಗಿತ್ತು. ‘ಹೋದ ಬಸ್ಸಿಗೆ ಕೈ ತೋರಿಸಿದ್ರೆ ನಿಲ್ಲುತ್ತೇನ್ರೀ? ಸೋಮವಾರಾನೂ ಒಂದು ದಿನ ತಾನೇ?’ ಅಂದರಂತೆ. ನೀವು ‘ವಾರದಲ್ಲಿ ಅದೊಂದೇ ದಿನ ಅಲ್ಲವಲ್ಲ ಸಾರ್’ ಅಂದಿರಂತೆ. ಅದಕ್ಕೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ‘ನೀವು ರಜೆ ಹಾಕಿ ಎಲ್ಲಿಗೆ ಹೋಗ್ತೀರಿ ಅಂತ ನಾನು ಕೇಳಕ್ಕಾಗುತ್ತಾ?’ ಅಂದರಂತೆ. ನಿಮಗೆ ಅಷ್ಟೇ ಸಾಕಾಯಿತು. ನನ್ನನ್ನು ತಿರುಪತಿಗೆ ಕರೆದುಕೊಂಡು ಹೋಗಲು ಕೂಡಿಟ್ಟಿದ್ದ ರಜೆಯನ್ನೆಲ್ಲ ಹೊಸಹಳ್ಳಿಗೂ ಉಲ್ಲಾಳಕ್ಕೂ ಸುರಿದಿರಿ. ನಾನು ಗೊಣಗಿದೆ. ‘ತಿಮ್ಮಪ್ಪ ಎಲ್ಲೂ ಹೋಗಲ್ಲ ಕಣೇ, ಗದ್ದೆ ಹೋಗುತ್ತೆ’ ಅಂದಿರಿ.

ಆ ಚೀಟಿ ಎತ್ತುವ ಆಟ ನಿಮ್ಮ ತಲೆಗೇ ಹೊಳೆಯಬೇಕು. ಯಾವ ದಿನ ಹೋಗಬೇಕೆಂದು ನಾವು ಆರಿಸಬಾರದು, ಆರಿಸಿದರೆ ಮತ್ತೆ ನಮಗೆ ಅನುಕೂಲವಾದ ದಿನವೇ ಬರುತ್ತದೆ ಎಂದು ವಾರದ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಸುರುಳಿ ಸುತ್ತಿ, ನನ್ನ ಸಾಂಬಾರ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕುಲುಕುತ್ತಿದ್ದಿರಿ. ‘ಎತ್ತು, ನಿನ್ನ ಕೈಗುಣ ನೋಡೋಣ.’ ಶುಕ್ರವಾರದ ಚೀಟಿ ಬಂದರೆ ನನ್ನ ಮುಖ ಇಳಿಯುತ್ತಿತ್ತು. ಹೊಸ್ತಿಲು ತೊಳೆದು, ತಲೆಗೆ ಎರೆದುಕೊಂಡು, ದೀಪ ಹಚ್ಚಿ ಹೊರಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ‘ಇನ್ನೊಂದು ಸಲ ಎತ್ತಲಾ?’ ಅಂದರೆ ನೀವು ಒಪ್ಪುತ್ತಿರಲಿಲ್ಲ. ಒಂದು ಸಲ ನಾನು ಕೋಪದಲ್ಲಿ ಮುಚ್ಚಳವನ್ನೇ ಕಿತ್ತುಕೊಂಡೆ. ಚೀಟಿಗಳೆಲ್ಲ ಖಾರದ ಪುಡಿಗೆ ಬಿದ್ದವು, ಇಬ್ಬರೂ ಸೀನಿ ಸೀನಿ ಸುಸ್ತಾದೆವು. ಆ ವಾರ ಸೀನುತ್ತಲೇ ಸಿಕ್ಕಿದ ಚೀಟಿಯೂ ಶುಕ್ರವಾರದ್ದೇ. ನೀವು ನೆಲದ ಮೇಲೆ ಉರುಳಿ ಉರುಳಿ ನಕ್ಕಿರಿ.

ಬೇರೆ ದಿನಗಳಲ್ಲಿ ಹೋದಾಗ ನಾವು ಮಾತಾಡಿಸಿದ್ದು ಜಗಲಿಯಲ್ಲಲ್ಲ, ಬದುವಿನ ಮೇಲೆ. ನೀವು ಅವರ ಜೊತೆಗೇ ಗದ್ದೆಯ ಉದ್ದಕ್ಕೂ ನಡೆಯುತ್ತ ಕೇಳುತ್ತಿದ್ದಿರಿ, ನಿಲ್ಲಿಸುತ್ತಿರಲಿಲ್ಲ. ನಾನು ಚಿಕ್ಕತಾಯಮ್ಮನ ಪಕ್ಕದಲ್ಲಿ ಬಗ್ಗಿ ಎರಡು ಪೈರು ನೆಟ್ಟರೆ ಮಾತು ತಾನಾಗಿ ಬರುತ್ತಿತ್ತು. ನಿಮ್ಮ ಷರಾಯಿಯ ಮೊಣಕಾಲವರೆಗೆ ಕೆಸರು, ನನ್ನ ಸೀರೆಯ ಅಂಚೆಲ್ಲ ಕೆಸರು. ಆಫೀಸಿನವರು ಕಂಡರೆ ಏನನ್ನುತ್ತಿದ್ದರೋ. ಏನೂಂದ್ರೆ, ಒಂದು ಮಾತು ಹೇಳುತ್ತೇನೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿದ್ದ ಕಾಲ ಬೇರೆ ಇಲ್ಲ. ನೀವು ಆ ತಪ್ಪನ್ನು ಮಾಡದೇ ಇದ್ದಿದ್ದರೆ ನನಗೆ ಆ ತಿಂಗಳುಗಳು ಸಿಗುತ್ತಲೇ ಇರಲಿಲ್ಲ. ಹೀಗನ್ನುವುದು ಸರಿಯಲ್ಲ ಅಲ್ಲವಾ? ಆದರೂ ಹಾಗೇ ಅನ್ನಿಸುತ್ತದೆ.

ಹೊಸಹಳ್ಳಿ ಮುಗಿಯಿತು. ಉಲ್ಲಾಳದಲ್ಲಿ ಕೆಲವು ಮನೆಗಳು ಉಳಿದಿದ್ದವು. ಅಷ್ಟರಲ್ಲಿ ನಿಮಗೆ ಜ್ವರ ಬಂತು. ಮೊದಲು ಶುಂಠಿ ಕಷಾಯ, ಆಮೇಲೆ ಡಾಕ್ಟರು, ಆಮೇಲೆ ಆಸ್ಪತ್ರೆ. ವಿಷಮಶೀತ ಜ್ವರ ಅಂದರು. ಜ್ವರದ ನಡುವೆ ಎಚ್ಚರವಾದಾಗಲೆಲ್ಲ ‘ಉಲ್ಲಾಳ ಉಳೀತಲ್ಲೇ’ ಅನ್ನುತ್ತಿದ್ದಿರಿ. ನಾನು ‘ಉಲ್ಲಾಳ ಹಾಳಾಗಿ ಹೋಗ್ಲಿ, ನೀವು ಗಂಜಿ ಕುಡೀರಿ’ ಎಂದು ಗದರುತ್ತಿದ್ದೆ. ಒಂದು ಬೆಳಗ್ಗೆ ಗಂಜಿ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ. ಹೇಳದೆ ಕೇಳದೆ ಹೋಗುವವರಾಗಿರಲಿಲ್ಲವಲ್ಲ ನೀವು. ಎಲ್ಲಿಗೆ ಹೋಗುವುದಿದ್ದರೂ ಮುಂಚೆಯೇ ಕಾರ್ಡು ಬರೆಯುವವರು...

ಅಣ್ಣ ಬಂದು ಮೈಸೂರಿಗೆ ಕರೆದ. ‘ಒಬ್ಬಳೇ ಈ ಹೊಸ ಬಡಾವಣೇಲಿ ಏನ್ ಮಾಡ್ತೀಯೇ? ಹಿಂದೆ ಮುಂದೆ ಯಾರಿದಾರೆ?’ ಅಂದ. ಉಲ್ಲಾಳದಲ್ಲಿ ಕೆಲಸ ಉಳಿದಿದೆ ಅಂದೆ. ಅವನು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಒಬ್ಬನೇ ಮೈಸೂರಿಗೆ ವಾಪಸು ಹೋದ. ನನಗೆ ಯಾರ ಮೇಲೆ ಅಷ್ಟು ಛಲ ಬಂದಿತ್ತೋ ಗೊತ್ತಿಲ್ಲ. ಆ ಮೊದಲನೆಯ ಪಟ್ಟಿ ಕಮಿಟಿಯ ಮೇಜಿನ ಮೇಲೆ ಇರುವವರೆಗೆ, ಹೊಸಹಳ್ಳಿಯವರಿಗೆ ಕೆಲಸವಿಲ್ಲ ಎಂದು ನೀವು ಹೇಳುತ್ತಲೇ ಇದ್ದೀರಿ ಅನ್ನಿಸುತ್ತಿತ್ತು. ನೀವು ಬದುಕಿದ್ದರೆ ಹೋಗಿ ಬಾಯಿಂದಲೇ ತಿದ್ದುತ್ತಿದ್ದಿರಿ. ಈಗ ಯಾರು ತಿದ್ದಬೇಕು?

ಮತ್ತೆ ಹೊರಟ ದಿನ ಕಾಲು ಮೊದಲು ಹೋದದ್ದು ಚಿಕ್ಕತಾಯಮ್ಮನ ಮನೆಗೇ. ಉಲ್ಲಾಳಕ್ಕೆ ಒಬ್ಬಳೇ ಹೋಗಲು ಧೈರ್ಯ ಸಾಲಲಿಲ್ಲ, ಅವಳನ್ನು ಜೊತೆಗೆ ಕರೆಯೋಣ ಎಂದುಕೊಂಡಿದ್ದೆ. ಅವಳು ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದವಳು ನನ್ನ ದನಿ ಕೇಳಿ, ತಿರುಗಿ ನೋಡದೆಯೇ, ‘ಸಾಮೇರು ಎಲ್ಲಿ ಕುಂತವ್ರೆ, ಜಗಲಿಮ್ಯಾಲಾ?’ ಅಂದಳು. ಅವಳಿಗೆ ಗೊತ್ತೇ ಇರಲಿಲ್ಲ. ತಿರುಗಿದವಳು ನನ್ನ ಹಣೆ ನೋಡಿ, ಬೂದಿ ಹತ್ತಿದ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡಳು. ಬೆಳ್ಳಂಬೆಳಗ್ಗೆ ಇಂಥವಳು ಎದುರಾದೆನಲ್ಲ ಎಂದು ನಾನು ಹೊಸ್ತಿಲ ಆಚೆಯೇ ನಿಂತೆ. ಅವಳಿಗೆ ಸಿಟ್ಟು ಬಂತು. ‘ಬಾರವ್ವ ಒಳೀಕೆ. ಲೆಕ್ಕ ಬರ್ಕಳಕ್ಕೆ ಬಂದೋಳು ಹೊಸ್ಲಾಗೆ ನಿಂತ್ರೆ ಆಯ್ತದಾ?’ ಅಂದಳು. ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟಳು. ಕೈಯಲ್ಲಿ ಲೋಟ ಹಿಡಿದುಕೊಂಡು ನಾನು ಅತ್ತೆ. ನೀವು ಹೋದ ಮೇಲೆ ಯಾರ ಎದುರಿಗೂ ಹಾಗೆ ಅತ್ತಿರಲಿಲ್ಲ. ಆಮೇಲೆ ಅವಳು ಮುನಿಯಪ್ಪನಿಗೆ ಹೇಳಿ ನನ್ನ ಜೊತೆ ಉಲ್ಲಾಳಕ್ಕೆ ಬಂದಳು. ಅವಳ ನಾದಿನಿಯನ್ನು ಕೊಟ್ಟಿದ್ದ ಊರು ಅದು, ಉಳಿದ ಬಾಗಿಲುಗಳೆಲ್ಲ ಬೇಗ ತೆರೆದವು.

ಪಟ್ಟಿ ಮಾಡಲು ಒಬ್ಬಳೇ ಕೂತೆ. ಭಾನುವಾರ, ಅದೇ ಚಾಪೆ. ಓದುವವಳೂ ನಾನೇ, ಟಿಕ್ ಹಾಕುವವಳೂ ನಾನೇ. ನಿಮ್ಮ ನಿಯಮ ಮುರಿದೆ, ಏನು ಮಾಡಲಿ? ಕಣ್ಣು ಮೋಸ ಮಾಡಬಾರದು ಎಂದು ಒಂದು ಭಾನುವಾರ ಗಟ್ಟಿಯಾಗಿ ಓದಿ ಮುಗಿಸಿ, ಮುಂದಿನ ಭಾನುವಾರ ಹೊಸ ಹಾಳೆಯಲ್ಲಿ ಬರೆದು ಮತ್ತೆ ಓದುತ್ತಿದ್ದೆ. ಖಾಲಿ ಮನೆಯಲ್ಲಿ ನನ್ನ ದನಿಯೇ ನನಗೆ ಅಪರಿಚಿತವಾಗಿ ಕೇಳಿಸುತ್ತಿತ್ತು. ನಡುವೆ ಯಾರಾದರೂ ಆನೆ ಎರಡು ಅನ್ನಬಾರದೇ ಎಂದು ಆಸೆಯಾಗುತ್ತಿತ್ತು. ನಿಮ್ಮ ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದೇನೆ, ಜೇಬಿನ ಹತ್ತಿರ ಮಸಿ ಸೋರಿದ ಕಲೆಯಿದೆಯಲ್ಲ, ಅದು. ಎಷ್ಟು ಬೈದಿದ್ದೆ ಆ ಕಲೆಗೆ! ಈಗ ಸುಮ್ಮನೆ ಅದರ ಮೇಲೆ ಬೆರಳಿಟ್ಟುಕೊಂಡು ಕೂರುತ್ತೇನೆ. ಬೇಕು ಅನ್ನಿಸುತ್ತದೆ ನೀವು. ಬೇರೆ ಮಾತು ಬರುವುದಿಲ್ಲ ನನಗೆ, ನೀವು ಬೇಕು.

ಪಟ್ಟಿ ತೆಗೆದುಕೊಂಡು ಹೋದಾಗ ಸಾಹೇಬರು ಎದ್ದು ನಿಂತರು. ನಾಲ್ಕು ಸಮಾಧಾನದ ಮಾತಾಡಿದರು. ಪಟ್ಟಿ ನೋಡಿದ ಮೇಲೆ ಮಾತ್ರ, ‘ಇದು ಆಫೀಸಿನ ಸರ್ವೆ ಅಲ್ಲವಲ್ಲಮ್ಮ’ ಅಂದರು. ‘ಸೈಕಲ್ಲೂ ಆಫೀಸಿಂದಲ್ಲ, ಗದ್ದೆ ಮಾತ್ರ ಅದೇ ಗದ್ದೆ ಸಾರ್’ ಅಂದೆ. ಅವರು ಪಟ್ಟಿ ಮಡಿಸಿ ವಾಪಸು ಕೊಟ್ಟರು. ನಾನು ಬಿಡಲಿಲ್ಲ. ಮುಂದಿನ ವಾರ ಹೋದೆ, ಅದರ ಮುಂದಿನ ವಾರವೂ ಹೋದೆ. ಆಫೀಸಿನ ಬೆಂಚಿನ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದೆ. ಬೇಕೆಂದೇ ಹೊಸೆಯುತ್ತಿದ್ದೆ, ನೋಡಿದವರಿಗೆ ನಾನು ಅಲ್ಲೇ ಝಂಡಾ ಊರಿದ್ದೇನೆ ಎಂದು ತಿಳಿಯಲಿ ಅಂತ. ಕೊನೆಗೆ ಅವರು ನಕ್ಕು, ‘ಅವರಿಗಿಂತ ನೀವು ಗಟ್ಟಿಗರು. ಕಮಿಟಿ ಮುಂದೆ ಇಡ್ತೀನಿ. ಆದ್ರೆ ಬಂದು ನೀವೇ ಹೇಳ್ಬೇಕು. ನಾನೇ ಹೇಳಿದ್ರೆ ನನ್ನ ಆಫೀಸನ್ನ ನಾನೇ ಬೈದ ಹಾಗಾಗುತ್ತೆ’ ಅಂದರು.

ಹಾಗೆ ನಿನ್ನೆ ಹೋದೆ. ಉದ್ದನೆಯ ಮೇಜು, ಸುತ್ತ ದೊಡ್ಡವರು. ನಡುವೆ ಜರತಾರಿ ಪೇಟದ ಅಧ್ಯಕ್ಷರು, ವಯಸ್ಸಾದವರು. ‘ಕೂತ್ಕೊಳ್ಳಿ ತಾಯಿ’ ಅಂದರು. ನಾನು ಕೂರಲಿಲ್ಲ, ನಿಂತೇ ಮಾತಾಡಿದೆ. ಅವರು ಎರಡೂ ಪಟ್ಟಿ ಮುಂದಿಟ್ಟುಕೊಂಡು ಕೇಳಿದರು, ‘ಒಂದರಲ್ಲಿ ಜನ ಸುಮ್ನೆ ಕೂತಿದಾರೆ, ಇನ್ನೊಂದರಲ್ಲಿ ಅದೇ ಜನ ಗದ್ದೇಲಿದಾರೆ. ಏನಮ್ಮಾ ಇದು?’

‘ಮೊದಲನೇದು ಬರೀ ಸೋಮವಾರದ್ದು ಸ್ವಾಮಿ’ ಅಂದೆ. ‘ಸೋಮವಾರ ಎತ್ತಿಗೆ ನೊಗ ಇಡಲ್ಲ.’

ಮೂಲೆಯಲ್ಲಿದ್ದವರೊಬ್ಬರು ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಅಧ್ಯಕ್ಷರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ‘ನಮ್ಮಪ್ಪನೂ ಸೋಮವಾರ ನೇಗಿಲು ಮುಟ್ತಿರಲಿಲ್ಲ. ಇಷ್ಟು ದಿನ ಈ ಪಟ್ಟಿ ನನ್ನ ಕಣ್ಣೆದುರಿಗೇ ಇದೆ, ನಂಗೂ ಹೊಳೀಲಿಲ್ಲವಲ್ಲ’ ಅಂದರು.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ‘ಟೋಟಲ್ ಹೇಳೇ, ಟೋಟಲ್’ ಎಂದು ಪೀಡಿಸುತ್ತೀರಿ. ಮೊದಲನೆಯ ಪಟ್ಟಿಯನ್ನು ತೆಗೆದುಹಾಕಿದರು. ವರದಿಯಲ್ಲಿ ಎರಡನೆಯದನ್ನು ಅಚ್ಚು ಹಾಕಿಸುತ್ತಾರೆ. ಕೆರೆಯ ಕೆಳಗಿನ ಗದ್ದೆಗಳನ್ನು ಈ ಸಲ ಬಿಟ್ಟಿದ್ದಾರೆ. ಮೇಲಿನ ಬರಡು ನೆಲ ಹೋಗುತ್ತದೆ. ‘ಈ ಸಲ’ ಎಂದೇ ಅಧ್ಯಕ್ಷರು ಹೇಳಿದ್ದು, ಮುಂದಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರು ಬೆಳೆಯುವ ವೇಗ ನಮ್ಮ ಬಾಗಿಲಲ್ಲಿ ನಿಂತರೇ ಕಾಣಿಸುತ್ತದೆ. ಆದರೆ ಹೋಗುವ ದಿನ ಬಂದರೂ, ಅವರಿಗೆ ಕೆಲಸವಿರಲಿಲ್ಲ ಎಂಬ ಕಾರಣಕ್ಕಂತೂ ಹೋಗುವುದಿಲ್ಲ. ಇನ್ನೊಂದು ಸುದ್ದಿ. ಹೊರಗೆ ಬಂದ ಮೇಲೆ ಸಾಹೇಬರು, ‘ಮುಂದಿನ ತಿಂಗಳಿಂದ ಕೆಂಗೇರಿ ಸರ್ವೆ ಇದೆ, ಮನೆ ಒಳಗೆ ಹೋಗಿ ಕೇಳೋರು ಬೇಕು, ಟೆಂಪರವರಿ ಪೋಸ್ಟು, ಬರ್ತೀರಾ?’ ಅಂದರು. ಬರ್ತೀನಿ ಅಂದೆ. ನಿಮ್ಮ ಮುಖದ ಮೇಲೆ ಬಾಗಿಲು ಹಾಕಿದ ಆ ಹೆಂಗಸನ್ನು ಹುಡುಕಿಕೊಂಡು ಹೋಗಿ ರಾಗಿ ಲೆಕ್ಕ ಕೇಳಿ ಬರುತ್ತೇನೆ, ನೋಡುತ್ತಿರಿ.

ಇಷ್ಟು ಎಲ್ಲರಿಗೂ ಹೇಳಬಹುದು. ನಿಮಗೆ ಮಾತ್ರ ಹೇಳಬೇಕಾದ್ದು ಒಂದು ಉಳಿದಿದೆ. ಎಲ್ಲ ತೀರ್ಮಾನವಾದ ಮೇಲೆ ಅಧ್ಯಕ್ಷರು ಕೇಳಿದರು, ‘ಈ ಸೋಮವಾರ ಗೊತ್ತು ಮಾಡಿದವರು ಯಾರು?’ ಸಾಹೇಬರು ಎದ್ದು, ‘ಅದು ಸಾರ್, ಕೆಳಗಿನ ಮಟ್ಟದಲ್ಲಿ ಯಾರೋ...’ ಎಂದು ಎಳೆದರು. ನಿಮ್ಮನ್ನು ಉಳಿಸಲು ನೋಡಿದರು, ಪಾಪ. ಆದರೆ ನೀವೇ ಇದ್ದಿದ್ದರೆ ‘ನಾನು’ ಅನ್ನುತ್ತಿದ್ದಿರಿ ಎಂದು ನನಗೆ ಗೊತ್ತಿತ್ತು. ‘ನಮ್ಮ ಮನೆಯವರು’ ಅಂದೆ. ‘ತಪ್ಪಾಗಿದೆ ಅಂತ ಕಂಡುಹಿಡಿದವರು?’ ‘ಅವರೇ.’ ‘ಎರಡನೇ ಪಟ್ಟಿ?’ ‘ಅದೂ ಅವರದೇ. ಕೊನೇ ಕೆಲವು ಮನೆ ನಾನು ಮಾಡಿದೆ.’ ಅಧ್ಯಕ್ಷರು ಪಕ್ಕದ ಗುಮಾಸ್ತನ ಕಡೆ ತಿರುಗಿ, ‘ವರದೀಲಿ ಅವರ ಹೆಸರು ಹಾಕಿ’ ಅಂದರು. ಗುಮಾಸ್ತ ಪೆನ್ನು ಎತ್ತಿ ನನ್ನನ್ನೇ ನೋಡಿದ. ‘ಹೆಸರು ಹೇಳಿ ಅಮ್ಮಾ.’

ಸಾಹೇಬರಿಗೆ ನನ್ನ ಕಷ್ಟ ತಿಳಿಯಿತು, ‘ನಾನು ಹೇಳ್ತೀನಿ ತಾಳಿ’ ಅಂದರು. ನಾನು ಕೈ ಅಡ್ಡ ಹಿಡಿದೆ. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ಆ ಭಯಕ್ಕೆ ನಿಮ್ಮ ಜೊತೆ ಬಾಳಿದ ಅಷ್ಟೂ ವರ್ಷ ಒಂದು ಸಲವೂ ಆಡಿರಲಿಲ್ಲ. ಇನ್ನು ಯಾರ ಆಯಸ್ಸಿಗೆ ಹೆದರಲಿ?

‘ಗಂಗಾಧರಯ್ಯ’ ಅಂದೆ.

ದನಿ ಹೊರಗೆ ಬರಲಿಲ್ಲವೋ ಏನೋ, ಗುಮಾಸ್ತ ‘ಕೇಳಿಸಲಿಲ್ಲಮ್ಮಾ, ಸ್ವಲ್ಪ ಗಟ್ಟಿಯಾಗಿ’ ಅಂದ. ಎರಡನೆಯ ಸಲ ಗಟ್ಟಿಯಾಗಿ ಅಂದೆ. ಬರೆಸುವ ಹಾಗೆ ಬರಲಿಲ್ಲ ಅದು, ಕರೆಯುವ ಹಾಗೆ ಬಂತು. ಕರೆದ ಮೇಲೆ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ಮೊದಲ ಸಲ ನಿಮ್ಮ ಹೆಸರು ಹಿಡಿದು ಕರೆದಿದ್ದೆ, ‘ಏನೇ?’ ಅನ್ನುತ್ತೀರೆಂದು ಕಾದೆ. ಗುಮಾಸ್ತ ಹೆಸರು ಬರೆದುಕೊಂಡ, ಮಸಿ ಒತ್ತಿದ, ಹಾಳೆ ತಿರುಗಿಸಿದ. ನಾನು ಇನ್ನೂ ಬಾಗಿಲ ಕಡೆಯೇ ನೋಡುತ್ತಿದ್ದೆ.

ನಿಮ್ಮ
ಕಮಲ